ಗೋಡೆಗೆ ಜಿಪಿಎಸ್ ಇದೆ, ಕಂತಿಗೆ ಗಡಿಯಾರ ಇಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದ ಪುಣ್ಯಾತ್ಮ ಸ್ವಂತ ದುಡ್ಡಲ್ಲಿ ಮನೆ ಕಟ್ಟಿದವನಿರಬೇಕು. ಸರ್ಕಾರದ ಅನುದಾನದಲ್ಲಿ ಕಟ್ಟಿದ್ದರೆ ಗಾದೆಗೆ ಇನ್ನೊಂದು ತುಂಡು ಖಂಡಿತ ಸೇರಿಸುತ್ತಿದ್ದ: ಬಿಲ್ಲಿಗೆ ಕಾದು ನೋಡು :)

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಿದ್ದ ವಿಷಯ ಇದು. ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನ ಮಂತ್ರಿ ಆವಾಸ್... ಹೆಸರು ಯಾವುದಾದರೂ ಇರಲಿ, ಬಡವರ ಮನೆಯ ದುಡ್ಡು ಯಾರೋ ನುಂಗಿದರು ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮಂಥ ಐಟಿ ಮಂದಿಯ ಬಾಯಲ್ಲಿ ಬರೋ ಪರಿಹಾರ ಒಂದೇ. "ಎಲ್ಲಾ ಆನ್‌ಲೈನ್ ಮಾಡಿಬಿಟ್ರೆ ಆಯ್ತಪ್ಪ, ಕಳ್ಳತನ ತಾನಾಗೇ ನಿಲ್ಲುತ್ತೆ." ಕ್ಯಾಂಟೀನಿನಲ್ಲಿ ಕಾಫಿ ಹೀರುತ್ತಾ ಈ ಮಾತನ್ನು ನೀವೂ ಕೇಳಿರುತ್ತೀರಿ.

ವಿಷಯ ಏನಂದ್ರೆ, ಆನ್‌ಲೈನ್ ಮಾಡಿ ಎಷ್ಟೋ ವರ್ಷ ಆಯ್ತು! ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲೇ ಶುರುವಾಗಿದೆ. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತ. ಪ್ರತಿ ಹಂತದಲ್ಲೂ ಪಂಚಾಯ್ತಿಯವರು ಬಂದು ಮನೆಯ ಫೋಟೋ ತೆಗೀತಾರೆ, ಅದರ ಜೊತೆ ಜಿಪಿಎಸ್‌ನಲ್ಲಿ ಆ ಜಾಗದ ಅಕ್ಷಾಂಶ ರೇಖಾಂಶ ದಾಖಲಾಗುತ್ತೆ, ಮೇಲಿನವರು ಅದನ್ನು ಒಪ್ಪಿದ ಮೇಲೆ ಕಂತಿನ ಹಣ ನೇರ ಬ್ಯಾಂಕ್ ಖಾತೆಗೆ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲೂ ಇದೇ ಕಥೆ. ಅಲ್ಲಿ ಆವಾಸ್‌ಸಾಫ್ಟ್ ಅನ್ನೋ ತಂತ್ರಾಂಶ ಇದೆ, ಫೋಟೋ ಹಾಕಲು ಮೊಬೈಲ್ ಆಪ್ ಇದೆ, ಹಣ ಪಿಎಫ್ಎಂಎಸ್ ಮೂಲಕ ಹೋಗುತ್ತೆ.

ಇದರಿಂದ ಏನೂ ಉಪಯೋಗ ಆಗಿಲ್ಲ ಅಂತ ಹೇಳೋಕೆ ನಾನು ಹೊರಟಿಲ್ಲ. ಹಳೆಯ ಇಂದಿರಾ ಆವಾಸ್ ಯೋಜನೆಯ ಬಗ್ಗೆ ಸಿಎಜಿ ಕೊಟ್ಟ 2014ರ 37ನೇ ವರದಿ ಇದೆಯಲ್ಲ, 2008ರಿಂದ 2013ರವರೆಗಿನ ಲೆಕ್ಕ ಅದು. ಅರ್ಹತೆ ಇಲ್ಲದವರಿಗೆ ಮನೆ, ಪಟ್ಟಿಯ ಗೊಂದಲ, ಒಬ್ಬರಿಗೇ ಎರಡು ಸಲ ಹಣ, ಬೇರೆ ಕೆಲಸಕ್ಕೆ ತಿರುಗಿಸಿದ ಹಣ, ಹೀಗೆ ಉದ್ದಕ್ಕೆ ಹೋಗುತ್ತೆ. ಕಾಗದದಲ್ಲೇ ಕಟ್ಟಿ ಕಾಗದದಲ್ಲೇ ಗೃಹಪ್ರವೇಶ ಮಾಡಿದ ಮನೆಗಳ ಕಾಲದಿಂದ ನೋಡಿದರೆ ಜಿಪಿಎಸ್ ಫೋಟೋ ದೊಡ್ಡ ಸುಧಾರಣೆಯೇ. ಒಂದೇ ಮನೆಯನ್ನು ಎರಡು ಯೋಜನೆಯಲ್ಲಿ ತೋರಿಸೋದು ಈಗ ಮೊದಲಿನಷ್ಟು ಸುಲಭ ಅಲ್ಲ.

ಆದರೆ ನನ್ನ ತಕರಾರು ಬೇರೆ. ಈ ಇಡೀ ಕಾವಲು ವ್ಯವಸ್ಥೆ ನೋಡ್ತಿರೋದು ಒಂದೇ ದಿಕ್ಕಿಗೆ, ದುಡ್ಡು ತಗೊಳ್ಳೋನ ಕಡೆಗೆ. ಅದರಲ್ಲೂ ಎಲ್ಲರಿಗಿಂತ ಕಡಿಮೆ ದುಡ್ಡು ತಗೊಳ್ಳೋನ ಕಡೆಗೆ. ಕೊಡೋರ ಕಡೆಗೆ, ದೊಡ್ಡ ಬಿಲ್ಲಿನ ಕಡೆಗೆ ಕ್ಯಾಮೆರಾ ತಿರುಗಿಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ.

ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ ನಿಗದಿ ಮಾಡಿರೋ ಸಹಾಯಧನ 1.20 ಲಕ್ಷ ರೂಪಾಯಿ. 2016ರಲ್ಲಿ ಯೋಜನೆ ಶುರುವಾದಾಗ ಇಟ್ಟ ಮೊತ್ತ ಇದು. 2024ರಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಯೋಜನೆಯನ್ನು ಮುಂದುವರಿಸಿದಾಗಲೂ ಅದೇ ಮೊತ್ತ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 269 ಚದರ ಅಡಿ. ಭಾಗಿಸಿ ನೋಡಿ, ಚದರ ಅಡಿಗೆ 446 ರೂಪಾಯಿ. ಈ ರೇಟಿಗೆ ಮನೆ ಕಟ್ಟಿಕೊಡ್ತೀಯಾ ಅಂತ ಯಾವ ಗಾರೆ ಮೇಸ್ತ್ರಿಯನ್ನಾದರೂ ಕೇಳಿ, ನಿಮ್ಮ ಮುಖ ನೋಡಿ ನಕ್ಕು ಮುಂದೆ ಹೋಗ್ತಾನೆ. ರಾಜ್ಯದ ಕಡೆಯಿಂದ ಅಷ್ಟೋ ಇಷ್ಟೋ ಸೇರಿದರೂ ಉಳಿದದ್ದು ಮನೆಯವರ ಕೈಯಿಂದಲೇ ಬರಬೇಕು. ಕೈಯಲ್ಲಿ ಇಲ್ಲದಿದ್ದರೆ ಸಾಲ.

ಈಗ ಕಂತಿನ ವಿಷಯಕ್ಕೆ ಬನ್ನಿ. ಕಂತು ಸಿಗೋದು ಹಂತ ಮುಗಿದ ಮೇಲೆ. ಅಂದರೆ ಗೋಡೆ ಎಬ್ಬಿಸೋಕೆ ಬೇಕಾದ ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲ ಮೊದಲು ನೀನು ಹಾಕು, ಆಮೇಲೆ ಫೋಟೋ, ಆಮೇಲೆ ದುಡ್ಡು. ಅದು ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಫೋಟೋ ಹೋದ ಮೇಲೆ ದುಡ್ಡು ಎಷ್ಟು ದಿನಕ್ಕೆ ಬರುತ್ತೆ?

ನಮ್ಮೂರ ಹತ್ತಿರದ ಒಬ್ಬ ಹೆಂಗಸು ಅಮ್ಮನನ್ನು ಮಾತಾಡಿಸಿಕೊಂಡು ಹೋಗೋಕೆ ಆಗಾಗ ಮನೆಗೆ ಬರ್ತಾರೆ. ಯಾವ ಯೋಜನೆ, ಯಾವ ಪಂಚಾಯ್ತಿ ಅನ್ನೋದೆಲ್ಲ ಇಲ್ಲಿ ಬೇಡ. ಅವರ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು, ಮೇಲೆ ಟಾರ್ಪಾಲು. ಹೋದ ಸಲ ಊರಿಗೆ ಹೋದಾಗ ನನ್ನನ್ನು ಹಿಡಿದುಕೊಂಡರು. "ನೀನು ಕಂಪ್ಯೂಟರ್ ಕೆಲಸದೋನಲ್ವೇನಪ್ಪ, ನನ್ ಬಿಲ್ಲು ಎಲ್ಲಿ ಸಿಕ್ಕಾಕ್ಕೊಂಡೈತೆ ಅಂತ ವಸಿ ನೋಡು" ಅಂತ. ಲ್ಯಾಪ್‌ಟಾಪ್ ತೆಗೆದು ಅವರ ನಂಬರ್ ಹಾಕಿದೆ. ಹೆಸರು, ಊರು, ಹಂತ, ಬಂದಿರೋ ಹಣ, ಎಲ್ಲ ಇತ್ತು. ಗೋಡೆಯ ಫೋಟೋ ಕೂಡ ಇತ್ತು. ಆದರೆ ಮುಂದಿನ ಕಂತು ಈಗ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಅನ್ನೋದು ಮಾತ್ರ ಆ ಪರದೆಯಲ್ಲಿ ಎಲ್ಲೂ ಕಾಣಲಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ ತಾಲ್ಲೂಕು ಅಂದರಂತೆ, ತಾಲ್ಲೂಕಲ್ಲಿ ಕೇಳಿದರೆ ಬೆಂಗಳೂರು. ಬೆಂಗಳೂರನ್ನು ಅವರು ಎಲ್ಲಿಂದ ಕೇಳೋದು ಹೇಳಿ?

ಸಪೋರ್ಟ್ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ವಿಚಿತ್ರ ಅನ್ನಿಸಲೇಬೇಕು. ನಮ್ಮಲ್ಲಿ ಯಾರೋ ಪ್ರಿಂಟರ್ ಕೆಲಸ ಮಾಡ್ತಿಲ್ಲ ಅಂತ ಒಂದು ಟಿಕೆಟ್ ಹಾಕಿದರೂ ಅದು ಯಾವ ನಿಮಿಷಕ್ಕೆ ಯಾರ ಹತ್ತಿರ ಹೋಯಿತು, ಅವರು ಎಷ್ಟು ಗಂಟೆ ಇಟ್ಟುಕೊಂಡರು, ಗಡುವು ಮೀರಿತೋ ಇಲ್ಲವೋ ಎಲ್ಲ ದಾಖಲೆ. ಕೆಂಪು ಬಣ್ಣದಲ್ಲಿ ಮ್ಯಾನೇಜರ್ ಕಣ್ಣಿಗೆ ಬೀಳುತ್ತೆ. ಪ್ರಿಂಟರಿಗೆ ಇರೋ ಮರ್ಯಾದೆ ಒಂದು ಸಂಸಾರದ ಛಾವಣಿಗೆ ಇಲ್ಲ!

ಗಡುವು ಇಲ್ಲವೇ ಇಲ್ಲ ಅಂತಲ್ಲ. ಮನೆ ಕಟ್ಟೋರಿಗೆ ಇದೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಮಂಜೂರಾದ ಹನ್ನೆರಡು ತಿಂಗಳಲ್ಲಿ ಮನೆ ಮುಗಿಯಬೇಕು. ನಮ್ಮ ರಾಜ್ಯದಲ್ಲಿ ಹೇಳಿದ ಅವಧಿಯೊಳಗೆ ಕೆಲಸ ಶುರುವಾಗದಿದ್ದರೆ ತಂತ್ರಾಂಶದಲ್ಲಿ ಮನೆ 'ಬ್ಲಾಕ್' ಆಗುತ್ತೆ. ಬ್ಲಾಕ್, ಅನ್‌ಬ್ಲಾಕ್ ಅನ್ನೋ ಪದಗಳು ಇವತ್ತು ಹಳ್ಳಿಯ ಅಜ್ಜಿಯರಿಗೂ ಗೊತ್ತು. ಸರ್ಕಾರದ ಕಡೆಗೂ ಒಂದು ಗಡುವು ಬರೆದಿದ್ದಾರೆ, ಮಂಜೂರಾತಿ ಆದೇಶ ಹೊರಟ ಏಳು ಕೆಲಸದ ದಿನದೊಳಗೆ ಮೊದಲ ಕಂತು ಕೊಡಬೇಕು ಅಂತ. ಆದರೆ ಮನೆಯವರು ತಡ ಮಾಡಿದರೆ ಮನೆ ಬ್ಲಾಕ್ ಆಗುತ್ತೆ, ಸರ್ಕಾರ ತಡ ಮಾಡಿದರೆ ಯಾವುದೂ ಬ್ಲಾಕ್ ಆಗಲ್ಲ. ಕಾದವರಿಗೆ ಒಂದು ರೂಪಾಯಿ ಬಡ್ಡಿಯೂ ಇಲ್ಲ.

ಈ ತಡದ ಬೆಲೆ ಎಷ್ಟು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಬರಬೇಕಾದ 60,000 ರೂಪಾಯಿ ನಿಂತುಹೋಯ್ತು ಅಂದುಕೊಳ್ಳಿ. ಮಳೆಗಾಲ ಹತ್ತಿರ ಬಂತು, ಕೆಲಸ ನಿಲ್ಲಿಸೋ ಹಾಗಿಲ್ಲ. ಊರಲ್ಲಿ ಕೈಸಾಲ ತಂದರು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,800. ಕಂತು ಬರೋದು ಹತ್ತು ತಿಂಗಳು ತಡವಾದರೆ 18,000. ಒಟ್ಟು 1.20 ಲಕ್ಷದ ಸಹಾಯಧನದಲ್ಲಿ ಇದು ಶೇಕಡ 15. ಒಬ್ಬ ದಲ್ಲಾಳಿ 15 ಪರ್ಸೆಂಟ್ ಲಂಚ ತಿಂದಿದ್ದರೆ ಪೇಪರಲ್ಲಿ ಸುದ್ದಿ ಬರುತ್ತಿತ್ತು, ಲೋಕಾಯುಕ್ತಕ್ಕೆ ದೂರು ಹೋಗುತ್ತಿತ್ತು. ಇಲ್ಲಿ ಅಷ್ಟೇ ದುಡ್ಡು ಹೋಯಿತು, ಯಾರೂ ತಿನ್ನಲಿಲ್ಲ, ಯಾವ ಆಡಿಟ್ ಪುಸ್ತಕದಲ್ಲೂ ಬರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಪೂರ್ತಿ 1.20 ಲಕ್ಷ ಫಲಾನುಭವಿಗೆ ತಲುಪಿದೆ, ಲೆಕ್ಕ ಚುಕ್ತಾ!

ಇನ್ನೊಂದು ವಿಷಯ. ತಡ ಆದ ಕಡೆಯೇ ಲಂಚಕ್ಕೆ ಜಾಗ ಹುಟ್ಟೋದು. ಹತ್ತು ದಿನದಲ್ಲಿ ದುಡ್ಡು ಬಂದೇ ಬರುತ್ತೆ ಅಂತ ಗೊತ್ತಿದ್ದರೆ ಫೋಟೋ ಹಾಕೋನಿಗೆ, ಬಿಲ್ ಕಳಿಸೋನಿಗೆ ಯಾರು ಕೈ ಬಿಸಿ ಮಾಡ್ತಾರೆ? ಯಾವಾಗ ಬರುತ್ತೋ ಗೊತ್ತಿಲ್ಲ ಅನ್ನೋ ಭಯಕ್ಕೆ ತಾನೇ ಕೊಡೋದು? ಮನೆ ಮಂಜೂರಾಗೋ ಹಂತದ ಕಥೆ ಇನ್ನೂ ಬೇರೆ. 2025ರ ಜೂನ್‌ನಲ್ಲಿ ಆಡಳಿತ ಪಕ್ಷದವರೇ ಆದ ಆಳಂದದ ಶಾಸಕ ಬಿ.ಆರ್. ಪಾಟೀಲರು ದುಡ್ಡು ಕೊಟ್ಟವರಿಗೆ ಮನೆ ಸಿಗ್ತಿದೆ ಅಂತ ಆರೋಪಿಸಿದ್ದು, ಅವರ ಫೋನ್ ಮಾತು ಹೊರಗೆ ಬಂದು ಗದ್ದಲವಾಗಿದ್ದು, ವಸತಿ ಸಚಿವರು ಅದನ್ನು ತಳ್ಳಿಹಾಕಿದ್ದು ಎಲ್ಲ ನೆನಪಿರಬಹುದು. ಆರೋಪ ನಿಜವೋ ಸುಳ್ಳೋ ತನಿಖೆಗೆ ಬಿಡೋಣ. ನನಗೆ ಹೊಳೆದದ್ದು ಇಷ್ಟು. ಜಿಪಿಎಸ್ ಫೋಟೋ ಶುರುವಾಗೋದೇ ಪಾಯದಿಂದ. ಅದಕ್ಕೂ ಮುಂಚೆ, ಗ್ರಾಮಸಭೆಯ ಪಟ್ಟಿಗೆ ಹೆಸರು ಸೇರುವಾಗ ಏನಾಯ್ತು ಅನ್ನೋದನ್ನ ಯಾವ ಉಪಗ್ರಹವೂ ನೋಡಿರಲ್ಲ.

ಇದು ಹಳ್ಳಿಯ ಕಥೆ ಆಯ್ತು. ಅಲ್ಲಿ ಮನೆ ಕಟ್ಟೋದು ಅದರಲ್ಲಿ ಇರಬೇಕಾದವರೇ. ಇನ್ನು ನಗರದಲ್ಲಿ, ಕೊಳಗೇರಿ ಅಭಿವೃದ್ಧಿ ಮಂಡಳಿಯಂಥ ಸಂಸ್ಥೆಗಳು ಕಟ್ಟಿಸೋ ಬಹುಮಹಡಿ ಮನೆಗಳಿವೆ. ಅಲ್ಲಿ ಟೆಂಡರು, ಗುತ್ತಿಗೆದಾರ, ಕೋಟಿಗಟ್ಟಲೆ ಬಿಲ್ಲು. ಅಲ್ಲಿ ಕಾವಲು ಹೇಗಿದೆ?

ಇಂಜಿನಿಯರಿಂಗ್ ಓದುವಾಗ ನನ್ನ ಹಾಸ್ಟೆಲ್ ರೂಮಿನಲ್ಲಿದ್ದ ಸಿವಿಲ್ ಬ್ರಾಂಚಿನ ಗೆಳೆಯ ಈಗ ಸೈಟ್ ಇಂಜಿನಿಯರ್. ಅವನು ಬಿಡಿಸಿ ಹೇಳಿದ್ದು ಇದು. ಗುತ್ತಿಗೆದಾರ ಮಾಡಿದ ಕೆಲಸವನ್ನು ಇಂಜಿನಿಯರ್ ಅಳತೆ ಮಾಡಿ ಮೆಜರ್‌ಮೆಂಟ್ ಬುಕ್ಕಿನಲ್ಲಿ ಬರೀತಾರೆ. ಎಲ್ಲರೂ ಎಂ.ಬಿ. ಅಂತ ಕರೆಯೋದು ಅದನ್ನೇ. ಅದರ ಆಧಾರದ ಮೇಲೆ ಕೆಲಸ ನಡೀತಿರುವಾಗಲೇ ಬಿಲ್ಲುಗಳು ಪಾಸಾಗ್ತವೆ. ಇಡೀ ಕೋಟಿಗಳ ಲೆಕ್ಕ ನಿಂತಿರೋದು ಆ ಒಂದು ಪುಸ್ತಕದ ಮೇಲೆ. "ಮಗಾ, ಗೋಡೆ ಬೇಕಾದರೆ ಹತ್ತು ವರ್ಷ ಆದ್ಮೇಲೂ ಅಳೀಬಹುದು. ಕಾಂಕ್ರೀಟ್ ಒಳಗೆ ಎಷ್ಟು ಕಂಬಿ ಹಾಕಿದಾರೆ ಅಂತ ಕಾಂಕ್ರೀಟ್ ಬಿದ್ದ ಮಾರನೇ ದಿನ ಹೇಳು ನೋಡೋಣ" ಅಂದ. ಯೋಚನೆ ಮಾಡಿ, ಕಟ್ಟಡ ನಿಲ್ಲುತ್ತೋ ಬೀಳುತ್ತೋ ಅನ್ನೋದನ್ನ ನಿರ್ಧರಿಸೋ ಭಾಗಗಳೇ ಮುಚ್ಚಿಹೋಗೋ ಭಾಗಗಳು. ಪಾಯದ ಆಳ, ಕಂಬಿಯ ಲೆಕ್ಕ, ಕಾಂಕ್ರೀಟಿನ ಮಿಶ್ರಣ. ಪ್ರತಿ ಸಲ ಕಾಂಕ್ರೀಟ್ ಹಾಕುವಾಗ 150 ಮಿಲಿಮೀಟರಿನ ಕ್ಯೂಬುಗಳನ್ನು ಎರಕ ಹೊಯ್ದು 28 ದಿನ ಆದ ಮೇಲೆ ಒತ್ತಿ ನೋಡೋ ಪರೀಕ್ಷೆ ಇದೆ. ಆ ಫಲಿತಾಂಶವನ್ನು ಆ ಮನೆಯಲ್ಲಿ ಮಲಗಬೇಕಾದವರು ಯಾವತ್ತಾದರೂ ನೋಡಿದ್ದಾರಾ?

ಕೋರಮಂಗಲದ ಕಡೆ ಆಫೀಸು ಇರೋರಿಗೆ ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಗೊತ್ತಿರುತ್ತೆ. ಬಡವರಿಗಾಗಿ ಸರ್ಕಾರದ ದುಡ್ಡಲ್ಲಿ ಕಟ್ಟಿದ 1,512 ಮನೆಗಳು. 2000ದ ದಶಕದಲ್ಲೇ ಅದರ ಬ್ಲಾಕುಗಳು ಕುಸಿಯೋಕೆ ಶುರುವಾದವು. ಉಳಿದವೂ ವಾಸಕ್ಕೆ ಯೋಗ್ಯವಲ್ಲ ಅಂತ ಕೆಡವಿದರು, ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಉಳಿದರು. 2013ರ ಜನವರಿಯಲ್ಲಿ ಶೆಡ್ಡುಗಳನ್ನೂ ನೆಲಸಮ ಮಾಡಿ ಎಲ್ಲರನ್ನೂ ಎಬ್ಬಿಸಿದರು. ಆ ಜಾಗ ಖಾಸಗಿ ಸಹಭಾಗಿತ್ವದ ಒಪ್ಪಂದಕ್ಕೆ ಹೋಯಿತು, ಮಾಲ್ ಬರುತ್ತೆ ಅಂದರು. ನಾವು ಮಾಲ್ ಬಗ್ಗೆ ಜಗಳ ಆಡಿದೆವು, ಜಾಗದ ಬಗ್ಗೆ ಜಗಳ ಆಡಿದೆವು, ಆಡಲೇಬೇಕಿತ್ತು. ಆದರೆ ಮೊದಲು ಕೇಳಬೇಕಿದ್ದ ಪ್ರಶ್ನೆ ಒಂದಿತ್ತಲ್ಲ. ಆ ಕಟ್ಟಡಗಳ ಎಂ.ಬಿ. ಎಲ್ಲಿ? ಅದರಲ್ಲಿ ಕಂಬಿ ಎಷ್ಟು ಬರೆದಿತ್ತು? ಬಿಲ್ಲಿಗೆ ಸಹಿ ಹಾಕಿದ್ದು ಯಾರು?

ನೋಡಿ ಎಷ್ಟು ವಿಚಿತ್ರ. 1.20 ಲಕ್ಷದ ಮನೆಗೆ ನಾಲ್ಕು ಹಂತದ ಫೋಟೋ ಸರ್ಕಾರದ ಸರ್ವರಿನಲ್ಲಿ ಇದೆ. ನೂರಾರು ಸಂಸಾರ ಮಲಗೋ ಬಹುಮಹಡಿ ಕಟ್ಟಡದಲ್ಲಿ ಕಂಬಿಯ ಫೋಟೋ ಕಾಂಕ್ರೀಟ್ ಬೀಳೋ ಮುಂಚೆ ತೆಗೆದು ಎಲ್ಲರಿಗೂ ಕಾಣೋ ಕಡೆ ಹಾಕಿ ಅಂತ ಯಾರೂ ಕೇಳ್ತಿಲ್ಲ.

ನಮ್ಮಲ್ಲಿ ಎಷ್ಟೋ ಜನ ಸಾಲ ಮಾಡಿ ಫ್ಲ್ಯಾಟ್ ಬುಕ್ ಮಾಡಿರ್ತೀರಿ, ರೇರಾ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. 2016ರ ಆ ಕಾಯ್ದೆ ಪ್ರಕಾರ ಬಿಲ್ಡರ್ ನಮ್ಮಿಂದ ತಗೊಂಡ ಹಣದಲ್ಲಿ ಶೇಕಡ 70 ಬೇರೆ ಖಾತೆಯಲ್ಲಿ ಇರಬೇಕು. ಎಷ್ಟು ಕೆಲಸ ಆಗಿದೆಯೋ ಅಷ್ಟಕ್ಕೆ ತಕ್ಕಂತೆ, ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಟ್ಟ ಮೇಲೆ ತೆಗೀಬೇಕು. ಮೂರು ತಿಂಗಳಿಗೊಮ್ಮೆ ಪ್ರಾಜೆಕ್ಟಿನ ಸ್ಥಿತಿಗತಿ ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲೂ ತೂತುಗಳಿವೆ, ಒಪ್ತೀನಿ. ಆದರೂ ದುಡ್ಡು ಕೊಟ್ಟೋರಿಗೆ ಅದು ಎಲ್ಲಿ ಹೋಯ್ತು ಅಂತ ಕೇಳೋ ಹಕ್ಕಿದೆ ಅಂತಾದರೂ ಕಾನೂನು ಒಪ್ಪಿಕೊಂಡಿದೆ. ಕೊಳಗೇರಿಯ ಬಹುಮಹಡಿ ಮನೆಯ ಫಲಾನುಭವಿಯೂ ದುಡ್ಡು ಕೊಡ್ತಾರೆ ಸ್ವಾಮಿ, ಅದು ಪುಕ್ಕಟೆ ಮನೆ ಅಲ್ಲ! ಆವಾಸ್ ಯೋಜನೆಯಲ್ಲಿ ಫಲಾನುಭವಿಯ ಪಾಲು ಅಂತ ಲಕ್ಷಗಟ್ಟಲೆ ಇಟ್ಟಿದ್ದರು. ಬಡವರಿಗೆ ಅದನ್ನು ಕಟ್ಟೋಕೆ ಆಗದೇ ಮನೆಗಳು ಅರ್ಧಕ್ಕೆ ನಿಂತವು. ಕೊನೆಗೆ 2023ರ ಅಂತ್ಯದಲ್ಲಿ ರಾಜ್ಯ ಸರ್ಕಾರವೇ ಅದರಲ್ಲಿ ದೊಡ್ಡ ಭಾಗವನ್ನು ಭರಿಸೋಕೆ ತೀರ್ಮಾನ ಮಾಡಿತು. 2024ರ ಮಾರ್ಚ್‌ನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳನ್ನು ಹಂಚಿದರು. ಒಳ್ಳೆಯ ಕೆಲಸವೇ. ಆದರೆ ಪಾಲು ಕಟ್ಟಲಾರರು ಅನ್ನೋದು ಗೊತ್ತಾಗೋಕೆ ಅಷ್ಟು ವರ್ಷ ಬೇಕಿತ್ತಾ? ಕೆಲಸ ನಿಂತ ಆ ವರ್ಷಗಳಲ್ಲಿ ಬಾಡಿಗೆ ಕಟ್ಟಿದವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಟೆಂಡರಿನ ವಿಷಯಕ್ಕೆ ನಮ್ಮಲ್ಲಿ 1999ರ ಪಾರದರ್ಶಕತೆ ಕಾಯ್ದೆಯೇ ಇದೆ. ಅದರ ಬಗಲಲ್ಲೇ 4(ಜಿ) ಅನ್ನೋ ಕಲಂ ಇದೆ. ಸರ್ಕಾರ ಬೇಕೆಂದಾಗ ಅಧಿಸೂಚನೆ ಹೊರಡಿಸಿ ಟೆಂಡರಿನಿಂದ ವಿನಾಯ್ತಿ ಕೊಡಬಹುದು. ಊರಲ್ಲಿ 4ಜಿ ಸಿಗ್ನಲ್ ಸಿಗದೇ ಇರಬಹುದು, ವಿಧಾನಸೌಧದಲ್ಲಿ ಯಾವತ್ತೂ ಫುಲ್ ಸಿಗ್ನಲ್ :)

ಸರಿ, ಬೈದದ್ದಾಯ್ತು, ಏನು ಮಾಡಬೇಕು ಅಂತೀರಾ? ನನ್ನ ತಲೆಗೆ ಹೊಳೆದದ್ದು ಮೂರು. ಮೂರಕ್ಕೂ ಹೊಸ ಇಲಾಖೆ ಬೇಡ, ರಾಕೆಟ್ ವಿಜ್ಞಾನವೂ ಬೇಡ.

ಒಂದು, ತಂತ್ರಾಂಶದಲ್ಲಿ ದಿನಾಂಕದ ಕಾಲಂಗಳು ಎಲ್ಲರಿಗೂ ಕಾಣಲಿ. ಫೋಟೋ ಬಂದ ದಿನ, ಪಂಚಾಯ್ತಿ ಒಪ್ಪಿದ ದಿನ, ತಾಲ್ಲೂಕು ಒಪ್ಪಿದ ದಿನ, ನಿಗಮ ಹಣ ಬಿಟ್ಟ ದಿನ, ಖಾತೆಗೆ ಬಿದ್ದ ದಿನ. ಈ ದಿನಾಂಕಗಳು ಡೇಟಾಬೇಸಿನಲ್ಲಿ ಇಲ್ಲದೇ ಇರೋಕೆ ಸಾಧ್ಯವೇ ಇಲ್ಲ ಅಂತ ಕೋಡ್ ಬರೆಯೋ ಯಾರಿಗಾದರೂ ಗೊತ್ತು. ಇರೋದನ್ನ ತೋರಿಸಿ ಅಷ್ಟೇ. ಗಡುವು ಮೀರಿದರೆ ಪರಿಹಾರ ಕೊಡಿ. ಇದು ನಮಗೆ ಹೊಸದಲ್ಲ, 2011ರ ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅಂತ ನಾವೇ ಮಾಡಿದ್ದು. ಉದ್ಯೋಗ ಖಾತ್ರಿಯ 2005ರ ಕಾಯ್ದೆಯಡಿ ಕೂಲಿ ತಡವಾದರೆ ದಿನಕ್ಕೆ ಶೇಕಡ 0.05 ಪರಿಹಾರ ಅಂತ ನಿಯಮ ಇತ್ತು. ಅದೇ ದರ ನಮ್ಮ 60,000ಕ್ಕೆ ಹಾಕಿದರೆ ದಿನಕ್ಕೆ 30 ರೂಪಾಯಿ. ಕೈಸಾಲದ ಅರ್ಧ ಬಡ್ಡಿಗಾದರೂ ಆಗುತ್ತೆ.

ಎರಡು, ಗುತ್ತಿಗೆದಾರರು ಕಟ್ಟೋ ಪ್ರತಿ ಬ್ಲಾಕಿಗೂ ಒಂದು ಪುಟ. ಟೆಂಡರ್ ಮೊತ್ತ, ಎಂ.ಬಿ.ಯ ಪ್ರತಿ, ಪಾಸಾದ ಬಿಲ್ಲುಗಳು, ಕಾಂಕ್ರೀಟ್ ಹಾಕೋ ಮುಂಚಿನ ಕಂಬಿಯ ಫೋಟೋ, 28 ದಿನದ ಕ್ಯೂಬ್ ಪರೀಕ್ಷೆಯ ಫಲಿತಾಂಶ, ಸಹಿ ಹಾಕಿದ ಅಧಿಕಾರಿಯ ಹುದ್ದೆ. ಫಲಾನುಭವಿಗೆ ಅರ್ಥ ಆಗದಿದ್ದರೆ ಪರವಾಗಿಲ್ಲ, ಪಕ್ಕದ ಕಾಲೇಜಿನ ಸಿವಿಲ್ ಹುಡುಗರಿಗೆ ಅರ್ಥ ಆಗುತ್ತೆ.

ಮೂರು, ಓದಿ ಹೇಳೋದು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಅನ್ನೋ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನ್ವಾಯಿ ಮಾಡಿದಾಗ ಕಂಪ್ಯೂಟರ್ ಇರಲಿಲ್ಲ. ಸರ್ಕಾರಿ ಕಾಗದವನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಯಾರ ಹೆಸರಲ್ಲಿ ಏನು ಬರೆದಿದೆ ಅಂತ ಗೊತ್ತಾದ ಕೂಡಲೇ ಜನ ಎದ್ದು ನಿಂತು ಮಾತಾಡಿದರು. ಮಾಹಿತಿ ಹಕ್ಕಿನ ಬೇರು ಅಲ್ಲಿದೆ. ಮೇಘಾಲಯ 2017ರಲ್ಲಿ ಸಾಮಾಜಿಕ ಪರಿಶೋಧನೆಗೇ ಒಂದು ಕಾಯ್ದೆ ತಂದಿತು. ಗ್ರಾಮೀಣ ಆವಾಸ್ ಮಾರ್ಗಸೂಚಿಯಲ್ಲೂ ಪ್ರತಿ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಸಾಮಾಜಿಕ ಪರಿಶೋಧನೆ ಆಗಬೇಕು ಅಂತ ಬರೆದಿದೆ. ಸಿಎಜಿ ವರದಿ ಬರೋ ಹೊತ್ತಿಗೆ ಯೋಜನೆಯ ಹೆಸರೇ ಬದಲಾಗೋ ಸಂಭವ ಇರುತ್ತೆ. ಆಗಲೇ ಹೇಳಿದ ವರದಿಯನ್ನೇ ನೋಡಿ, 2014ರಲ್ಲಿ ಬಂತು, 2016ಕ್ಕೆ ಇಂದಿರಾ ಆವಾಸ್ ಯೋಜನೆಯೇ ಇರಲಿಲ್ಲ. ಗ್ರಾಮಸಭೆಯಲ್ಲಿ ಓದಿದರೆ ಗೋಡೆ ಒಣಗೋದರೊಳಗೆ ಗೊತ್ತಾಗುತ್ತೆ.

ಇದಕ್ಕೆ ಬರೋ ವಾದಗಳೂ ಗೊತ್ತು. "ಕಂತು ಕಂತಾಗಿ ಕೊಡದೇ ಒಟ್ಟಿಗೆ ಕೊಟ್ಟರೆ ಕುಡಿದು ಹಾಳು ಮಾಡ್ತಾರೆ" ಅಂತ. ಒಟ್ಟಿಗೆ ಕೊಡಿ ಅಂತ ನಾನು ಎಲ್ಲಿ ಹೇಳಿದೆ? ಕಂತಲ್ಲೇ ಕೊಡಿ, ಹೇಳಿದ ದಿನ ಕೊಡಿ. "ಕೇಂದ್ರದಿಂದ ರಾಜ್ಯಕ್ಕೇ ದುಡ್ಡು ಬಂದಿರಲ್ಲ, ನಿಗಮ ಏನು ಮಾಡುತ್ತೆ" ಅನ್ನೋದು ಇನ್ನೊಂದು. ಗ್ರಾಮೀಣ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40ರ ಪಾಲು. ಯಾರ ಪಾಲು ಯಾವತ್ತು ಬಂತು ಅನ್ನೋದನ್ನೂ ಅದೇ ಪರದೆಯಲ್ಲಿ ಹಾಕಿ. ಆಗ ಬೈಗುಳ ಸರಿಯಾದ ವಿಳಾಸಕ್ಕೆ ಹೋಗುತ್ತೆ, ಪಾಪದ ಪಿಡಿಒ ಬಡಪಾಯಿಗೂ ಸ್ವಲ್ಪ ನೆಮ್ಮದಿ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾ? ಬೇಡ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ಪೋಸ್ಟ್ ಬರೆದು ರೂಢಿ ಇರೋ ನಮಗೆ 150 ಪದ ಅಂದರೆ ಕಷ್ಟವೇ ಬಿಡಿ :) ಆದರೆ ಕೇಳಬೇಕಾದ್ದು ಚಿಕ್ಕದು. "ನಮ್ಮ ಪಂಚಾಯ್ತಿಯಲ್ಲಿ ಕಳೆದ ಎರಡು ವರ್ಷದಲ್ಲಿ ಮಂಜೂರಾದ ಮನೆಗಳ ಪ್ರತಿ ಕಂತಿಗೂ ಫೋಟೋ ಅಪ್‌ಲೋಡ್ ಆದ ದಿನಾಂಕ ಮತ್ತು ಹಣ ಖಾತೆಗೆ ಜಮೆಯಾದ ದಿನಾಂಕ ಕೊಡಿ." ಅಷ್ಟೇ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಾನು ನಮ್ಮೂರ ಪಂಚಾಯ್ತಿಗೆ ಅರ್ಜಿ ಬರೆದಿಟ್ಟಿದ್ದೀನಿ, ಸೋಮವಾರ ಪೋಸ್ಟ್ ಮಾಡ್ತೀನಿ.

ನೀವೂ ನಿಮ್ಮ ನಿಮ್ಮ ಊರಿನ ಪಂಚಾಯ್ತಿಗೆ ಒಂದೊಂದು ಹಾಕಿ. ಉತ್ತರ ಬಂದರೆ ಹೆಸರು, ಖಾತೆ ನಂಬರ್ ತೆಗೆದು ಬರೀ ದಿನಾಂಕಗಳನ್ನು ಕಳಿಸಿ, ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ. ಯಾವ ಊರಲ್ಲಿ ಫೋಟೋದಿಂದ ದುಡ್ಡಿಗೆ ಎಷ್ಟು ದಿನ ಹಿಡೀತು ಅಂತ ಒಮ್ಮೆ ಕಣ್ಣಿಗೆ ಕಂಡರೆ ಮುಂದಿನ ಮಾತು ತಾನಾಗೇ ಶುರುವಾಗುತ್ತೆ. ವಸತಿ ಇಲಾಖೆಯಲ್ಲೋ ಪಂಚಾಯ್ತಿಯಲ್ಲೋ ಕೆಲಸ ಮಾಡೋರು ಯಾರಾದರೂ ಇದನ್ನು ಓದ್ತಿದ್ದರೆ, ಒಳಗಿನಿಂದ ನೋಡಿದಾಗ ತಡ ಎಲ್ಲಿ ಆಗುತ್ತೆ ಅಂತ ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ನಾನು ಬರೆದದ್ದರಲ್ಲಿ ಒಪ್ಪದ ವಿಷಯ ಇದ್ದರೆ ಜಗಳಕ್ಕೂ ಸ್ವಾಗತ.